ಕೊನೆಯ ಓಣಿಯ ಕಾಲುಗಳು

ಇದನ್ನು ಬರೆಯಲೆಂದು ಎಷ್ಟೋ ಸಲ ಕೂತು ಹಾಗೇ ಎದ್ದಿದ್ದೇನೆ. ಅವರಿದ್ದಾಗ ಹೇಳಲಿಲ್ಲ. ಈಗಲಾದರೂ ಹೇಳಬೇಕು.

ಕಣ್ಣಿಗೆ ಮೊದಲು ಬರುವುದು ಡಾಕ್ಟರಮ್ಮನ ಬೆರಳುಗಳು. ಮನೆಮುಂದಿನ ಕಟ್ಟೆಯ ಕೆಳಗೆ ನೆಲದ ಮೇಲೆ ಕೂತು, ನಾಟಿ ಮಾಡಿ ಬಂದವಳ ಕೆಸರುಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳ ಸಂದಿ ಬಿಡಿಸಿ ನೋಡುತ್ತಿದ್ದರು. ಹೆಂಗಸರು ನಾಚಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡರೆ, “ಯವ್ವಾ, ನಾನೂ ಗದ್ದ್ಯಾಗ ಬೆಳದಾಕಿ, ತೋರಸು” ಎನ್ನುವರು.

ಮುಂಡಗೋಡ ಸೀಮೆಯಲ್ಲಿ ಗದ್ದೆಗಿಳಿಯುವ ಹೆಂಗಸರಿಗೆ ಬರುವ ಕಾಲಹುಣ್ಣಿನ ಬಗ್ಗೆ ವೈದ್ಯಕೀಯ ಪತ್ರಿಕೆಗೆ ಬರೆಯುವುದು ಅವರ ಬಹುದಿನದ ಆಸೆ. ಕನ್ನಡ ಶಾಲೆಯಲ್ಲಿ ಕಲಿತವರು. ಇಂಗ್ಲಿಷ್ ಸರಿಯಿಲ್ಲವೆಂದು ಹಿಂದೊಮ್ಮೆ ಲೇಖನ ತಿರುಗಿ ಬಂದಿತ್ತು. ಮೊಬೈಲಿನಲ್ಲಿ ಚಾಟ್‌ಬಾಟ್ ಬಂದಮೇಲೆ ಅವರಿಗೆ ಆನೆಬಲ ಬಂತು. ತಾವು ಬರೆದದ್ದನ್ನು ಅದರಿಂದ ತಿದ್ದಿಸಿ, ಸಾಲುಸಾಲೂ ಮತ್ತೆ ತಾವೇ ಓದುವರು. ಅದು ಹೆಸರಿಸಿದ ಹಳೆಯ ಲೇಖನಗಳನ್ನು ಹುಡುಕುವರು, ಸಿಗದಿದ್ದರೆ ಹೊಡೆದುಹಾಕುವರು. ಅದರ ನೆರವು ಪಡೆದದ್ದನ್ನು ಲೇಖನದ ಕೊನೆಗೆ ಹೇಳಿಯೂ ಇದ್ದರು.

“ಕಾಕಾ, ಇದಕ್ಕ ಇಂಗ್ಲಿಷ್ ಬರ್ತೈತಿ. ಆದ್ರ ನಮ್ಮ ಇಂದೂರ ಹಳ್ಳಿ ಹೆಣ್ಣಮಕ್ಕಳ ಕಾಲು ಇದು ಕಂಡಿಲ್ಲ” ಎಂದು ನನಗೆ ಹೇಳಿ ನಗುವರು.

ನಾನು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಮೆಟ್ರಿಕ್ ಓದಿದವನು. ಬಿಡುವಿಲ್ಲದೆ ತಾವು ಹೋಗಲಾಗದ ಓಣಿಗಳಿಗೆ ನನ್ನನ್ನು ಕಳಿಸಿ, ಲೇಖನಕ್ಕೆಂದು ಹೆಂಗಸರಿಗೆ ಪ್ರಶ್ನೆ ಕೇಳಿಸಿ ಉತ್ತರ ಬರೆಸಿಕೊಳ್ಳುತ್ತಿದ್ದರು. ಇಂದೂರಿನ ಕೊನೆಯ ಓಣಿ ಉಳಿದಿತ್ತು. ಜಡಿಮಳೆ, ಮೊಣಕಾಲು ಬೇರೆ ಹಿಡಿದಿತ್ತು. ಬಸ್‌ಸ್ಟ್ಯಾಂಡಿನಲ್ಲೇ ಕೂತು, ಡಾಕ್ಟರಮ್ಮ ಕೊಟ್ಟ ಪಟ್ಟಿಯಲ್ಲಿದ್ದ ಆ ಓಣಿಯ ಹೆಂಗಸರ ವಯಸ್ಸು, ಕೆಲಸ ತಿಳಿಸಿ, ಇವರು ಏನು ಹೇಳಿಯಾರು ಎಂದು ಚಾಟ್‌ಬಾಟನ್ನು ಕೇಳಿದೆ. ಚಹಾ ಆರುವುದರೊಳಗೆ ಎಲ್ಲರ ಉತ್ತರವೂ ಬಂತು. ಇವು ಊಹೆ ಮಾತ್ರ ಎಂದು ಕೆಳಗೆ ಅದೇ ಬರೆದಿತ್ತು. ಆ ಸಾಲನ್ನು ಬಿಟ್ಟು ಉಳಿದದ್ದನ್ನು ಹಾಳೆಗೆ ಇಳಿಸಿ ಡಾಕ್ಟರಮ್ಮನಿಗೆ ಕೊಟ್ಟೆ.

ಹುಣ್ಣಿಗೆ ಹಚ್ಚಲೆಂದು ಅವರು ತರಿಸಿದ್ದ ಮುಲಾಮು ಬಂದದ್ದು ತಡವಾಗಿ. ಅಷ್ಟರಲ್ಲಿ ಲೇಖನಕ್ಕೆ ಒಪ್ಪಿಗೆಯೂ ಸಿಕ್ಕಿತ್ತು. ಪೇಢೆ ಹಂಚುತ್ತಾರೆಂದುಕೊಂಡರೆ, ಹುಣ್ಣಿದೆ ಎಂದವರಿಗೆಲ್ಲ ಮುಲಾಮು ಹಂಚಲು ಹೊರಟರು, ನನ್ನನ್ನೂ ಕರೆದುಕೊಂಡು. ಕೊನೆಯ ಓಣಿಯಲ್ಲಿ, ನೋವಿಗೆ ನಿದ್ದೆಯಿಲ್ಲವೆಂದು ನಾನು ಬರೆದಿದ್ದವಳು ಕಾಲು ಮುಂದೆ ಚಾಚಿ, “ನನಗೇನಾಗೇತ್ರಿ? ಯಾರು ಬಂದು ಕೇಳ್ಯಾರ ನನ್ನ?” ಎಂದಳು. ಕಾಲು ನೆಟ್ಟಗೇ ಇತ್ತು. ಪಕ್ಕದ ಮನೆಯ ಮುದುಕಿಗೆ ತೊಂದರೆಯಿಲ್ಲ ಎಂದು ಬರೆದುಕೊಟ್ಟಿದ್ದೆ. ಅವಳ ಕಾಲ್ಬೆರಳು ಕೊಳೆತು ನಾರುತ್ತಿತ್ತು.

ಡಾಕ್ಟರಮ್ಮ ಅವಳನ್ನು ಆಗಲೇ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದರು. ಬೆರಳು ಉಳಿಯಲಿಲ್ಲ. ಹಿಂತಿರುಗಿ ಬಂದವರೇ ಲೇಖನವನ್ನು ವಾಪಸು ಪಡೆದರು. ಪರೀಕ್ಷಿಸದ ತಪ್ಪು ತಮ್ಮದೆಂದು ಪತ್ರಿಕೆಗೆ ಬರೆದರು, ನನ್ನ ಹೆಸರೆತ್ತಲಿಲ್ಲ. ನಾನು ಕುಂಟುತ್ತ ಬಂದದ್ದನ್ನು ನೋಡಿ ಅಂದದ್ದು ಇಷ್ಟೇ:

“ಮೊಣಕಾಲು ನೋಯ್ತೈತಿ ಅಂದಿದ್ರ ನಾನೇ ಹೋಗ್ತಿದ್ನಲ್ಲ, ಕಾಕಾ.”

ಮೇಜಿನ ಖಾನೆಯಿಂದ ನೋವಿನ ಮಾತ್ರೆ ತೆಗೆದು ಕೈಗಿಟ್ಟರು. ಅದನ್ನು ಜೇಬಿಗೆ ಹಾಕಿಕೊಂಡು ಎದ್ದು ಬಂದೆ.

ಅವರು ಮೊದಲಿನಿಂದ ಮತ್ತೆ ಮನೆಮನೆ ಸುತ್ತತೊಡಗಿದರು. ಅರ್ಧಕ್ಕೇ ಕಾಯಿಲೆ ಬಿದ್ದು ತೀರಿಕೊಂಡರು. ಅವರ ಮಣ್ಣಿಗೆ ಹೋದಾಗ ಆ ಮುದುಕಿಯೂ ಕೋಲೂರಿಕೊಂಡು ಬಂದಿದ್ದಳು. ಅವಳ ಕಾಲು ಹಿಡಿದು ಎಲ್ಲ ಹೇಳಿದೆ. “ಏಳಪಾ, ಮಂದಿ ನೋಡ್ತಾರ” ಎಂದಳು. ಮುದುಕಿಯ ಕ್ಷಮೆಯನ್ನಾದರೂ ಕೇಳಿದೆ. ಕೇಳದೇ ಉಳಿದದ್ದು ನಮ್ಮ ಡಾಕ್ಟರಮ್ಮನ ಕ್ಷಮೆ.