ಎರಡು ಬಾಲದ ಮರಿ

ಮಗ್ಗಗಳು ಓಡುತ್ತಿರುವಾಗ ಕಾರಖಾನೆಯ ಒಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಇಚಲಕರಂಜಿಯ ನಮ್ಮ ಓಣಿಯ ಜನ ಕೈಸನ್ನೆಯಲ್ಲೇ ನೀರು ಕೇಳುತ್ತಾರೆ, ಕೈಸನ್ನೆಯಲ್ಲೇ ಬೈಯುತ್ತಾರೆ. ನಮ್ಮ ಪಕ್ಕದ ಮನೆಯ ಕೇದಾರಿ ಇಂಥ ಒಂದು ಕಾರಖಾನೆಯಲ್ಲಿ ಜಾಬರ್. ಕೆಟ್ಟು ನಿಂತ ಮಗ್ಗವನ್ನು ಬಿಚ್ಚಿ, ಸರಿಮಾಡಿ, ಮತ್ತೆ ಓಡಿಸುವುದು ಅವನ ಕೆಲಸ. ಎಲ್ಲ ಮಗ್ಗಗಳೂ ಓಡುತ್ತಿದ್ದರೆ ಅವನಿಗೆ ಬಿಡುವು. ಆಗ ಬಾಗಿಲ ಬಳಿಯ ನೂಲಿನ ಮೂಟೆಯ ಮೇಲೆ ಕೂತು ಫೋನು ತೆರೆಯುತ್ತಿದ್ದ. ವರ್ಷಗಟ್ಟಲೆ ಬಾಯಿಮಾತಿಗೆ ಎಡೆಯಿಲ್ಲದ ಕಡೆ ದುಡಿದವನಿಗೆ ಬೆರಳಿನಿಂದ ಮಾತಾಡುವ ಜಾಗವೊಂದು ಸಿಕ್ಕಿತ್ತು. ಅದು ಅವನಿಗೆ ಎಷ್ಟು ಬೇಕಾಗಿತ್ತು ಎಂಬುದು ನನಗೆ ತಿಳಿದದ್ದು ತಡವಾಗಿ.

ಆ ಜಾಗದ ಹೆಸರು ‘ತಂತ್ರಕಟ್ಟೆ’. ಹೊಸ ಫೋನು, ಬ್ಯಾಟರಿ ಗಾಡಿ, ಚುನಾವಣೆ, ಯುದ್ಧ, ಯಂತ್ರಗಳು ಹುಟ್ಟಿಸುವ ಸುಳ್ಳು ಚಿತ್ರಗಳು, ಎಲ್ಲದರ ಮೇಲೂ ಕನ್ನಡದಲ್ಲಿ ವಾದ ನಡೆಯುವ ಒಂದು ಜಾಲತಾಣ. ಅಲ್ಲಿ ಯಾರೂ ತಮ್ಮ ನಿಜವಾದ ಹೆಸರು ಹಾಕುವುದಿಲ್ಲ. ಕೇದಾರಿ ನಮ್ಮೂರ ಹೊಳೆಯ ಹೆಸರು ಹಿಡಿದು ‘ಪಂಚಗಂಗಾ’ ಆಗಿದ್ದ. ಗಡಿಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತವನು ಓದಿ ಓದಿಯೇ ಬರೆಯುವುದನ್ನು ಕಲಿತಿದ್ದ. ವಾದಕ್ಕೆ ನಿಂತರೆ ಬಿಡುತ್ತಿರಲಿಲ್ಲ.

ಎರಡು ಮನೆಗೂ ನಡುವೆ ಒಂದೇ ಗೋಡೆ. ಅವನ ಹೆಂಡತಿ ಉಜ್ವಲಾಳ ದನಿ ದಿನವೂ ನನಗೆ ಕೇಳುತ್ತಿತ್ತು.

“ಅನ್ನ ಆರಾಕತ್ತೈತಿ. ನಿಮ್ಮ ಅಮೇರಿಕಾ ಚೀನಾ ಜಗಳ ಬಗಿಹರೀತೇನ, ಇಲ್ಲಾ ತಾಟ ಅಲ್ಲೇ ಕಳಸ್ಲಿ?”

“ಎರಡ ಮಿನಿಟ ತಡಿ, ಒಬ್ಬಾಂವ ಸಿಕ್ಕಾನ.”

“ಸಿಕ್ಕಾಂವನ್ನೂ ಕರೀರಿ, ಇಬ್ಬರೂ ಕೂಡಿ ಉಣ್ಣರಿ.”

ಕಾರಖಾನೆಯಲ್ಲಿ ಮಗ್ಗ ನಡೆಸುವ ಹಣಮಪ್ಪ ಜಮಖಂಡಿ ಕಡೆಯವನು. ಚಹಾದ ಅಂಗಡಿಯಲ್ಲಿ ಅವನದೂ ದಿನದ ಒಂದೇ ಪ್ರಶ್ನೆ. “ಏನ್ ಜಾಬರ, ಇವತ್ತ ಎಷ್ಟ ಮಂದೀನ ಕೆಡವಿದಿ?”

ಕೇದಾರಿಗೆ ಅಲ್ಲಿ ಹೆಸರು ಬಂದದ್ದು ಒಂದು ಚಿರತೆಯಿಂದ. ಕೊಲ್ಹಾಪುರದ ರಂಕಾಳಾ ಕೆರೆಯ ದಂಡೆಯ ಮೇಲೆ ಚಿರತೆ ಕೂತ ಚಿತ್ರವೊಂದು ಓಡಾಡಿ ಜನ ಹೆದರಿದಾಗ, ಹಿಂದಿನ ಅಂಗಡಿಯ ಫಲಕದ ಮೇಲಿರುವುದು ಯಾವ ಭಾಷೆಯ ಅಕ್ಷರವೂ ಅಲ್ಲ, ಇದು ಯಂತ್ರ ಬರೆದ ಚಿತ್ರ ಎಂದು ಮೊದಲು ತೋರಿಸಿಕೊಟ್ಟವನು ಅವನು. ಅದು ನಿಜವೇ ಆಗಿತ್ತು. ಅಂದಿನಿಂದ ಯಾವ ಚಿತ್ರ ಬಂದರೂ ‘ಪಂಚಗಂಗಾ ಸರ್ ಏನಂತಾರೆ?’ ಎಂದು ಕೇಳತೊಡಗಿದರು. ಮಗ್ಗದ ಎಣ್ಣೆ ಮೆತ್ತಿದ ಕೈಯವನಿಗೆ ಸರ್ ಅನ್ನಿಸಿಕೊಳ್ಳುವುದು ಹೊಸದು.

ಇನ್ನೊಂದು ಮಾತನ್ನೂ ಅವನೇ ಹೇಳಿದ್ದಾನೆ, ನಾನು ಬಿಡುವಂತಿಲ್ಲ. ಅಲ್ಲಿ ವಾದದಲ್ಲಿ ಸೋತವನಿಗೆ ‘ಹೋಗಿ ಕುರಿ ಕಾಯಿರಿ’ ಎನ್ನುವುದು ರೂಢಿ. ಕೇದಾರಿಯೂ ಹಲವರಿಗೆ ಹಾಗೆ ಬರೆದಿದ್ದ. ಅವನಪ್ಪ ಸಾಯುವತನಕ ಕುರಿ ಕಾಯ್ದವನು. ತಾಯಿ ನಾಗೂಬಾಯಿ, ಈಗ ಮಗನ ಜೊತೆ ಇಲ್ಲೇ ಇರುವ ಆಕೆ, ಬೀರದೇವರ ಭಂಡಾರದ ಅರಿಸಿನ ಹಣೆಗೆ ಹಚ್ಚದೆ ನೀರನ್ನೂ ಮುಟ್ಟುವವಳಲ್ಲ.

ಒಂದು ಮುಂಜಾನೆ ಆ ತಾಣದಲ್ಲಿ ಸಾರಿಕಾ ಎಂಬ ಹುಡುಗಿಯ ಬರಹ ಬಂತು. ಹೊಸಬಳು, ತನ್ನ ಸ್ವಂತ ಹೆಸರನ್ನೇ ಹಾಕಿದ್ದಳು. ‘ನಿನ್ನೆ ನಸುಕಿನಲ್ಲಿ ಗಡಹಿಂಗ್ಲಜದ ಹತ್ತಿರ ರಸ್ತೆ ದಾಟುತ್ತಿದ್ದ ನಮ್ಮ ಕುರಿಗಳ ಮೇಲೆ ಟ್ರಕ್ ಹಾಯ್ದಿದೆ. ನಿಲ್ಲಿಸದೆ ಹೋದರು. ಆ ದಾರಿಯಲ್ಲಿ ಬಂದವರು ಯಾರಾದರೂ ಗಾಡಿಯ ನಂಬರ್ ನೋಡಿದ್ದರೆ ದಯವಿಟ್ಟು ತಿಳಿಸಿ. ನಂಬರ್ ಇಲ್ಲದೆ ಪೊಲೀಸರು ಮುಂದೆ ಹೋಗುವುದಿಲ್ಲ ಅನ್ನುತ್ತಾರೆ.’ ಜೊತೆಗೊಂದು ಚಿತ್ರ. ಕಬ್ಬಿನ ಒಣಗಿದ ಗರಿ, ರವದಿ, ಮುಚ್ಚಿದ ಸತ್ತ ಕುರಿಗಳ ಸಾಲು, ತಲೆ ತಗ್ಗಿಸಿ ಕೂತ ರುಮಾಲಿನ ಮುದುಕ, ಅವನ ಪಕ್ಕದಲ್ಲಿ ಒಂದು ಕುರಿ, ಅದರ ಕೆಚ್ಚಲಿಗೆ ಬಾಯಿ ಹಾಕಿದ ಒಂದು ಮರಿ.

ಮರಿಗೆ ಎರಡು ಬಾಲ ಇದ್ದವು.

ಕೇದಾರಿ ಮಧ್ಯಾಹ್ನದೊಳಗೆ ಅದರ ಸುತ್ತ ಕೆಂಪು ಗೆರೆ ಎಳೆದು ಹಾಕಿದ. ‘ಎರಡು ಬಾಲ. ಮುಂಗಾಲಿನ ಹತ್ತಿರ ಚರ್ಮ ಎರಡು ಪದರ. ಕುರಿಯ ಮರಿ ಹೇಗಿರುತ್ತದೆಂದು ಎಐಗೆ ಇನ್ನೂ ಗೊತ್ತಿಲ್ಲ. ಕಣ್ಣೀರು ಬರಿಸಿ ಹಣ ಎತ್ತುವ ಹೊಸ ದಂಧೆ.’ ಆಕೆ ಹಣ ಕೇಳಿಲ್ಲವಲ್ಲ ಎಂದು ಯಾರೋ ಬರೆದರು. ‘ಇವತ್ತು ಕೇಳಿಲ್ಲ, ನಾಳೆ ಕೇಳುತ್ತಾರೆ’ ಎಂದ ಕೇದಾರಿ. ಜನ ಮೆಚ್ಚಿದರು, ನಕ್ಕರು, ಆ ಹುಡುಗಿಯನ್ನು ಬಾಯಿಗೆ ಬಂದಂತೆ ಅಂದರು. ಅವಳಿಂದ ಉತ್ತರವಿಲ್ಲ. ಬರೆದು ಹಾಕಿ ಕುರಿಗಳ ಹತ್ತಿರ ಹೋಗಿದ್ದಳು, ಫೋನಿನಲ್ಲಿ ಚಾರ್ಜ್ ಇರಲಿಲ್ಲ ಎಂಬುದು ಆಮೇಲೆ ತಿಳಿದದ್ದು. ಉತ್ತರ ಬರದಿದ್ದದ್ದೇ ಅವಳ ಸುಳ್ಳಿಗೆ ಸಾಕ್ಷಿ ಎಂದರು.

ಸಂಜೆಯ ಹೊತ್ತಿಗೆ ಬೆಳಗಾವಿಯವರೊಬ್ಬರು ಬರೆದರು. ‘ನಿನ್ನೆ ನಸುಕಿನಲ್ಲಿ ಅದೇ ದಾರಿಯಲ್ಲಿ ಬಂದೆ. ಒಂದು ಟ್ರಕ್ ಬಹಳ ರಭಸದಿಂದ ನನ್ನನ್ನು ದಾಟಿ ಹೋಯಿತು. ನನ್ನ ಕಾರಿನ ಕ್ಯಾಮೆರಾದಲ್ಲಿ ಇರಬಹುದು. ಯಾರಿಗೆ ಕೊಡಬೇಕು?’

‘ಬಂದ ನೋಡಿ, ನಾಟಕದ ಎರಡನೇ ಪಾತ್ರಧಾರಿ’ ಎಂದು ಒಬ್ಬ ಬರೆದ. ಮಿಕ್ಕವರೂ ಬೆಳಗಾವಿಯವರ ಮೇಲೆ ಬಿದ್ದರು.

ಕೇದಾರಿ ಮನೆಗೆ ಬಂದು, ಹೆಂಡತಿಗೆ ತೋರಿಸಲೆಂದು ತನ್ನ ಕೆಂಪು ಗೆರೆಯ ಚಿತ್ರ ತೆರೆದ. ಉಜ್ವಲಾ ರೊಟ್ಟಿ ಬಡಿಯುತ್ತಿದ್ದಳು, ತಿರುಗಿ ನೋಡಲಿಲ್ಲ. ಜೋಳ ಹಸನು ಮಾಡುತ್ತಿದ್ದ ನಾಗೂಬಾಯಿ ಕತ್ತು ಚಾಚಿ ನೋಡಿದಳು.

“ಯವ್ವಾ, ಪಾಪ. ಮರಿಗೆ ತೊಗಲ ಹೊದಿಸ್ಯಾರ.”

“ಏನಂದಿ?”

“ತಾಯಿ ಸತ್ತ ಮರಿ ಇರಬೇಕದು. ಮರಿ ಕಳಕೊಂಡ ಕುರಿ ಬ್ಯಾರೆ ಮರೀನ ಹತ್ರ ಸೇರಿಸೂದಿಲ್ಲಪಾ, ಒದೀತೈತಿ. ಅದರ ಸತ್ತ ಮರಿ ತೊಗಲ ಸುಲದ ಇದಕ್ಕ ಹೊದಿಸಿದ್ರ, ಮೂಸಿ ನೋಡಿ ನಂದ ಅಂತ ತಿಳಕೊಂಡ ಹಾಲ ಕೊಡತೈತಿ. ನಿಮ್ಮಪ್ಪ ಮಾಡತಿದ್ನಲ್ಲೋ. ನೀನ ಮರಿ ಹಿಡಕೊಂಡ ಕುಂದರತಿದ್ದಿ.”

ಅವಳು ಮತ್ತೆ ಜೋಳಕ್ಕೆ ಕೈ ಹಾಕಿದಳು. ಕೇದಾರಿಗೆ ಎಲ್ಲ ನೆನಪಾಯಿತು. ಹಸಿ ತೊಗಲಿನ ವಾಸನೆ, ತೊಡೆಯ ಮೇಲೆ ಒದ್ದಾಡುವ ಮರಿ, ಅಪ್ಪ ಸೆಣಬಿನ ಹುರಿಯಿಂದ ತೊಗಲು ಬಿಗಿಯುತ್ತಿದ್ದದ್ದು. ಇದನ್ನು ಅವನು ಮರೆತಿರಲೂ ಇಲ್ಲವಂತೆ. ಆ ಚಿತ್ರ ನೋಡುವಾಗ ತಾನು ಕುರುಬರ ಮಗನಾಗಿ ನೋಡಲಿಲ್ಲ, ಪಂಚಗಂಗಾ ಸರ್ ಆಗಿ ನೋಡಿದೆ ಎಂದ.

ಬೆಳಗಾವಿಯವರು ಆಗಲೂ ಅಲ್ಲೇ ಇದ್ದರು. ‘ನಾನು ಸುಳ್ಳು ಹೇಳುತ್ತಿಲ್ಲ, ಯಾರಿಗೆ ಕೊಡಲಿ ಎಂದಷ್ಟೇ ಕೇಳಿದೆ’ ಎಂದು ಒಬ್ಬೊಬ್ಬರಿಗೂ ಉತ್ತರಿಸುತ್ತಿದ್ದರು. ಕಾರಿನ ಕ್ಯಾಮೆರಾ ಜಾಗ ತುಂಬಿದ ಹಾಗೆ ಹಳೆಯದನ್ನು ಅಳಿಸಿ ಹೊಸದನ್ನು ಬರೆದುಕೊಳ್ಳುತ್ತದೆ, ಕೆಲವು ದಿನ ಬಿಟ್ಟರೆ ಏನೂ ಉಳಿಯುವುದಿಲ್ಲ ಎಂಬುದು ಕೇದಾರಿಗೆ ಚೆನ್ನಾಗಿ ಗೊತ್ತಿತ್ತು. ಚಿತ್ರ ನಿಜ ಎಂದು ಒಂದು ಸಾಲು ಬರೆದರೆ ಸಾಕಿತ್ತು. ಆದರೆ ಆ ಒಂದು ಸಾಲಿನಲ್ಲಿ, ಇದು ನನಗೆ ಹೇಗೆ ಗೊತ್ತು ಎಂಬುದನ್ನೂ ಬರೆಯಬೇಕಾಗುತ್ತಿತ್ತು.

ಫೋನನ್ನು ಬೋರಲು ಹಾಕಿ ಊಟಕ್ಕೆ ಕೂತ. “ಇವತ್ತ ಕರೀದನ ಉಣ್ಣಾಕ ಬಂದ್ರಲ್ಲ, ಸೂರ್ಯ ಯಾವ ಕಡೆ ಹುಟ್ಟ್ಯಾನ?” ಎಂದಳು ಉಜ್ವಲಾ.

ಮರುದಿನ ನೋಡಿದರೆ ಬೆಳಗಾವಿಯವರು ತಮ್ಮ ಮಾತುಗಳನ್ನೆಲ್ಲ ಅಳಿಸಿ ಹೊರಟುಹೋಗಿದ್ದರು. ತಾಣದವರು ಸಾರಿಕಾಳ ಬರಹವನ್ನು ತೆಗೆದು, ಕೆಂಪು ಗೆರೆಯ ಚಿತ್ರವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದರು.

ವಾರ ಕಳೆದಿರಬೇಕು, ಕೋವಾಡದ ಕಡೆಯ ನೆಂಟರಿಂದ ನಾಗೂಬಾಯಿಗೆ ಫೋನು ಬಂತು. ಅವಳ ಗಂಡನ ದಾಯಾದಿ ತಮ್ಮ ಧೋಂಡಿಬಾನ ಹಿಂಡಿನ ಮೇಲೆ ಟ್ರಕ್ ಹಾಯ್ದಿದೆಯೆಂದು. “ಮಂದಿ ಸತ್ತಾಂಗ ಆಗೇತಿ ಅವರಿಗೆ. ಹೋಗಿ ಮಾತಾಡ್ಸಿ ಬರೂಣು” ಎಂದಳು. ಚಿತ್ರದಲ್ಲಿ ತಲೆ ತಗ್ಗಿಸಿ ಕೂತಿದ್ದ ಮುದುಕ ಯಾರೆಂದು ಕೇದಾರಿಗೆ ಆಗ ತಿಳಿಯಿತು. ಕೆಲಸ ಇದೆ ಅಂದ. “ಕೆಲಸ ಯಾವತ್ತ ಇರೂದಿಲ್ಲ?” ಅಂದಳು ತಾಯಿ. ಕೊಲ್ಹಾಪುರಕ್ಕೆ ಹೋಗಿ ಅಲ್ಲಿಂದ ಗಡಹಿಂಗ್ಲಜದ ಎಸ್ಟಿ ಬಸ್ಸು ಹಿಡಿದರು.

ಊರ ಹೊರಗೆ ಕಬ್ಬು ಕಡಿದ ಹೊಲದಲ್ಲಿ ಹಿಂಡು ಕೂಡಿಸಿದ್ದರು. ಧೋಂಡಿಬಾ ಕೇದಾರಿಯನ್ನು ಕಂಬಳಿಯ ಮೇಲೆ ಕೂರಿಸಿ, ಬೆನ್ನು ಸವರಿ, ಅಣ್ಣನನ್ನು ನೆನೆದು ಅತ್ತ. ಅವನ ಮಗಳು ಸಾರಿಕಾ ಚಹಾ ತಂದಳು. ಗಡಹಿಂಗ್ಲಜದಲ್ಲಿ ಕಾಲೇಜು ಓದುವವಳು, ಈಗ ಹೊಲದಲ್ಲೇ ಇದ್ದಳು.

“ಅಣ್ಣಾ, ನಿಮಗ ಮೊಬೈಲದ್ದು ಭಾಳ ತಿಳೀತೈತಿ ಅಂತ ದೊಡ್ಡವ್ವ ಹೇಳಿದ್ಲು. ತಂತ್ರಕಟ್ಟಿ ಅಂತ ಐತಿ, ನೋಡೀರೇನು?”

ಕೇದಾರಿ ನೋಡಿದ್ದೇನೆ ಅಂದ.

“ಅಲ್ಲಿ ಪಂಚಗಂಗಾ ಅಂತ ಒಬ್ಬ ಶಾಣ್ಯಾ ಅದಾನ್ರಿ. ನಮ್ಮ ಫೋಟೋ ಸುಳ್ಳ ಅಂದ. ಅವನ ಕೆಂಪ ಗೆರಿ ಇಲ್ಲೀ ತನಕಾ ಬಂದೈತಿ. ಠಾಣೇದಾಗ ಒಬ್ಬಾಂವ ಅದನ್ನ ನನಗ ತೋರ್ಸಿ, ಏನವಾ, ಮಷಿನ್ಯಾಗ ಕುರಿ ಮಾಡೀಯಂತ ಅಂದ. ಅಂವನ್ನ ಒಂದ ಸಲ ಇಲ್ಲಿ ಕರಕೊಂಡ ಬರ್ರಿ. ಬೈಯೂದಿಲ್ಲ ನಾ. ಮರೀನ ಕೈಯಾಗ ಕೊಟ್ಟ, ಎಣಸಪಾ ಬಾಲ ಅಂತೀನಿ.”

ನಾಗೂಬಾಯಿ ತಲೆಯೆತ್ತಿ ಮಗನನ್ನು ನೋಡಿದಳು. ಅವಳಿಗೆ ಓದು ಬರಹವಿಲ್ಲ, ಪಂಚಗಂಗಾ ಯಾರೆಂದು ಗೊತ್ತಿಲ್ಲ. ಕೆಂಪು ಗೆರೆಯ ಚಿತ್ರ ಮಾತ್ರ ಗೊತ್ತು.

“ಬಂದಾನ, ತಂಗಿ” ಎಂದ ಕೇದಾರಿ. “ನಿನ್ನ ಮುಂದ ಕುಂತಾನ. ನಾನ ಅಂವ.”

ಸಾರಿಕಾ ಅಪ್ಪನ ಕಡೆ ತಿರುಗಿದಳು. ಧೋಂಡಿಬಾನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಸಿಟ್ಟಾಗಲಿಲ್ಲ.

“ಹೋಗಲಿ ಬಿಡವ್ವ. ಪ್ಯಾಟ್ಯಾಗ ಮಗ್ಗದ ಮುಂದ ಇರಾಂವ, ಅಂವಗೇನ ಗೊತ್ತ? ಗೊತ್ತಿಲ್ದ ಮಾಡ್ಯಾನ.”

ಅಲ್ಲಿಗೇ ಬಿಟ್ಟಿದ್ದರೆ ಮುಗಿಯುತ್ತಿತ್ತು ಎಂದು ಕೇದಾರಿ ನನ್ನ ಮುಂದೆ ಹೇಳಿದ. ಆ ಮಾತನ್ನು ಹಿಡಿದುಕೊಂಡು ಸುಮ್ಮನೆ ಕೂರಬಹುದಿತ್ತು. ತಾಯಿ ಬಾಯಿ ಬಿಡುವವಳಲ್ಲ. ಅವಳು ಸೆರಗಿನ ತುದಿ ನೋಡುತ್ತ ಕೂತಿದ್ದಳು.

“ಗೊತ್ತಿತ್ತ, ಕಾಕಾ” ಎಂದ. “ಅವತ್ತ ಸಂಜೀಕ ಅವ್ವ ಎಲ್ಲಾ ಬಿಡಿಸಿ ಹೇಳಿದ್ಲು. ಟ್ರಕ್ ಕಂಡಾಂವ ಒಬ್ಬ ಬೆಳಗಾವಿಯಾಂವ ಇದ್ದ, ಕ್ಯಾಮೆರಾದಾಗ ಐತಿ, ಕೊಡತೀನಿ ಅನ್ನಾಕತ್ತಿದ್ದ. ಮಂದಿ ಅಂವನ್ನ ಓಡಿಸಿದ್ರು. ನಾ ನೋಡಕೊಂತ ಕುಂತೆ.”

“ಕಂಡಾಂವ ಇದ್ನೇನು?” ಎಂದಳು ಸಾರಿಕಾ. ಅವಳಿಗೆ ಅದು ಆವರೆಗೂ ಗೊತ್ತಿರಲಿಲ್ಲ.

ಧೋಂಡಿಬಾ ಎದ್ದ. ಕೋಲು ತೆಗೆದುಕೊಂಡ. “ಕುರಿ ಬಿಡೂ ಹೊತ್ತಾತು” ಎಂದು ನಡೆದ. ಸೂರ್ಯ ಇನ್ನೂ ನೆತ್ತಿಯ ಮೇಲಿದ್ದ, ಅದು ಕುರಿ ಬಿಡುವ ಹೊತ್ತಲ್ಲ. ಸಾರಿಕಾ ಬಟ್ಟಲುಗಳನ್ನು ಎತ್ತಿಕೊಂಡಳು. ಕೇದಾರಿಯ ಚಹಾ ಅರ್ಧ ಉಳಿದಿತ್ತು, ಅದನ್ನೂ ಎತ್ತಿಕೊಂಡಳು.

ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಬಸ್ಸಿನಿಂದ ಇಳಿಯುವಾಗ ತಾಯಿ ಅಂದಳು. “ನಾ ಹೇಳಿದ ಮ್ಯಾಲೆ ನೀ ಅದರಾಗ ಬರದ ಹಾಕಿರತಿ ಅಂತ ತಿಳಕೊಂಡಿದ್ದೆ.”

ಅಂದೇ ಕೇದಾರಿ ತಂತ್ರಕಟ್ಟೆಯಲ್ಲಿ ಬರೆದ. ಕೆಳಗೆ ಸ್ವಂತ ಹೆಸರು ಹಾಕಿದ. ತಾನು ಜಾಬರ್, ಕುರುಬರ ಮಗ, ಆ ಚಿತ್ರ ಸತ್ಯ, ತೊಗಲಿನ ಸಂಗತಿ ತನಗೆ ಗೊತ್ತಿದ್ದೂ ಸುಮ್ಮನಿದ್ದೆ ಎಂದು ಯಾವುದನ್ನೂ ಮುಚ್ಚಿಡಲಿಲ್ಲ. ಹುಡುಗಿಯ ಬರಹವನ್ನು ತಾಣದವರು ಮತ್ತೆ ಹಾಕಲಿ, ಬೆಳಗಾವಿಯವರು ಎಲ್ಲಿದ್ದರೂ ದಯವಿಟ್ಟು ಬರಲಿ ಎಂದು ಬೇಡಿಕೊಂಡ.

ಎರಡು ದಿನ ಬಿಟ್ಟು ಸಂಜೆ ನಮ್ಮ ಮನೆಗೆ ಬಂದ. ನಾನು ದೇವರ ಮುಂದಿನ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಇಲ್ಲಿ ಬರೆದದ್ದನ್ನೆಲ್ಲ ಅವನು ಹೇಳಿದ್ದು ಆಗಲೇ. ಹೊಸ್ತಿಲ ಹೊರಗೇ ಕೂತ, ಒಳಗೆ ಕರೆದರೂ ಬರಲಿಲ್ಲ. ಕೊನೆಗೆ ಫೋನು ತೆಗೆದು ತೋರಿಸಿದ. ಅವನ ಬರಹಕ್ಕೆ ಬಂದ ಮೆಚ್ಚುಗೆ ಚಿರತೆಗೂ ಬಂದಿರಲಿಲ್ಲ. ‘ಎಂಥ ದೊಡ್ಡ ಮನಸ್ಸು ಸರ್.’ ‘ತಪ್ಪು ಒಪ್ಪಿಕೊಳ್ಳಲು ಗುಂಡಿಗೆ ಬೇಕು.’ ‘ನಿಮ್ಮಂಥವರಿಂದಲೇ ಈ ಕಟ್ಟೆಗೆ ಮರ್ಯಾದೆ.’

“ಭಾಳ ಮಂದಿ ಒಳ್ಳೇದ ಅಂದಾರಲ್ಲ” ಎಂದೆ.

“ಅದ ನೋಡ್ರಿ ವೈನಿ.” ಅವನ ದನಿ ತಗ್ಗಿತು. “ಮುಂಜಾನೆ ಎದ್ದ ಕೂಡ್ಲೆ ಏನ ನೋಡಿದೆ ಗೊತ್ತೈತೇನ್ರಿ? ಟ್ರಕ್ಕಿನ ಸುದ್ದಿ ಏನರ ತಿಳೀತೇನ ಅಂತ ಅಲ್ಲ. ಎಷ್ಟ ಮಂದಿ ಮೆಚ್ಚ್ಯಾರ ಅಂತ ನೋಡಿದೆ. ನಿನ್ನೆನೂ ಅದನ್ನ ಮೊದಲ ನೋಡಿದೆ.”

ನಾನು ಇನ್ನೊಂದು ಬತ್ತಿ ಹೊಸೆದೆ. ಸಮಾಧಾನದ ಮಾತು ಬಾಯಿಗೆ ಬಂದಿತ್ತು. ಹೇಳಿದ್ದರೆ ಅದೂ ಆ ಮೆಚ್ಚುಗೆಗಳ ಸಾಲಿಗೆ ಸೇರುತ್ತಿತ್ತು.

ಅವನು ಬೆರಳು ಸರಿಸಿ, ತಾಣದವರು ಮರಳಿ ಹಾಕಿದ ಸಾರಿಕಾಳ ಬರಹವನ್ನು ತೋರಿಸಿದ. ರವದಿ ಮುಚ್ಚಿದ ಕುರಿಗಳು, ತಲೆ ತಗ್ಗಿಸಿದ ಧೋಂಡಿಬಾ. ಕೆಳಗೆ ಬೆಳಗಾವಿಯವರದು ಒಂದು ಸಾಲು ಇತ್ತು. ‘ಕ್ಷಮಿಸಿ ತಂಗಿ, ನನ್ನ ಕ್ಯಾಮೆರಾದಲ್ಲಿ ಆ ದಿನದ್ದು ಈಗ ಉಳಿದಿಲ್ಲ.’

ಅದರ ಕೆಳಗೆ ಯಾರೂ ಏನೂ ಬರೆದಿರಲಿಲ್ಲ.