ಸುಮ್ಮನೆ ಮದ್ರಾಸಿಗೆ

ನಮ್ಮ ಕಡೆ ಊರು ಬಿಟ್ಟು ಹೊರಡುವವನಿಗೆ ಚೀಲಕ್ಕಿಂತ ಮೊದಲು ಒಂದು ಕಾರಣ ಬೇಕು. ಮಧುಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಮಡಿಕೆ ಮುರಿಯದ ಅಂಗಿ ತೊಟ್ಟು ನಿಂತವನು ಪಕ್ಕದ ಕೊರಟಗೆರೆಗೆ ಹೋಗುವವನಾದರೂ ಸರಿಯೆ, ಪರಿಚಿತರಿರಲಿ, ಅಪರಿಚಿತರೂ ಬಂದು ಸಮಾಚಾರ ವಿಚಾರಿಸುತ್ತಾರೆ; ಮದುವೆ, ಮರಣ, ಕೋರ್ಟು, ಹರಕೆ ಇವುಗಳಲ್ಲೊಂದನ್ನು ಒಪ್ಪಿಸಿದ ಮೇಲೆಯೇ ಅವರಿಗೆ ಸಮಾಧಾನ. ಅಂಥ ಊರಿನಿಂದ, ಐವತ್ತರ ದಶಕದ ಕೊನೆಯಲ್ಲಿ, ವ್ಯವಹಾರದ ಲೇಶವೂ ಇಲ್ಲದ ಶುದ್ಧ ವಿಹಾರಕ್ಕೆಂದು ಹೆಂಡತಿಯೊಡನೆ ಮದ್ರಾಸಿಗೆ ಹೋಗಿ ಸಮುದ್ರ ನೋಡಿಬಂದವನು ನಾನು ಎಂದು ಹೇಳಿಕೊಳ್ಳುವಾಗ ನನ್ನ ಎದೆ ಈಗಲೂ ಉಬ್ಬುತ್ತದೆ. ಈ ಹೆಮ್ಮೆಯಲ್ಲಿ ನನ್ನ ಸ್ವಂತ ಪಾಲು ಎಷ್ಟು ಅಲ್ಪವೆಂಬುದನ್ನು ನೀವೇ ನೋಡುವಿರಂತೆ.

ಆಗ ನಮ್ಮಪ್ಪನಿಗೆ ಪೇಟೆಬೀದಿಯಲ್ಲಿ ಜವಳಿ ಅಂಗಡಿ. ನಾನು ಅದರಲ್ಲಿ ಗಜಕಡ್ಡಿ ಹಿಡಿದ ಯುವರಾಜ. ನನ್ನ ಹೆಂಡತಿ ಸರ್ವಮಂಗಳ ಪಾವಗಡದವಳು. ಅವಳ ತವರಿನಲ್ಲಿ ನೀರೆಂದರೆ ಬಾವಿಯ ಪಾತಾಳದಲ್ಲಿ ಮಿನುಗುವ ತಟ್ಟೆಯಗಲದ ಹೊಳಪು. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ, ಆಚೆ ದಡವೇ ಕಾಣದಷ್ಟು ನೀರು ಇರುವುದು ನಿಜವೇ ಎಂದು ಕೇಳಿದಳು. ನಾನು ಅಲ್ಲಿಯವರೆಗೆ ಕಂಡಿದ್ದ ಮಹಾಜಲರಾಶಿಯೆಂದರೆ ಕಳ್ಳಂಬೆಳ್ಳದ ಕೆರೆ. ಅದರ ಆಚೆ ದಡದಲ್ಲಿ ಮೇಯುವ ಎಮ್ಮೆಗಳೂ ಸ್ಪಷ್ಟವಾಗಿ ಕಾಣುತ್ತವೆ. ಗಂಡನಾದವನು ಗೊತ್ತಿಲ್ಲವೆನ್ನಬಾರದೆಂದು, ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದುಬಿಟ್ಟೆ.

ನಮ್ಮ ಸಂಚಿನಲ್ಲಿ ಮೊದಲು ಸೇರಿದವರು ಅಂಗಡಿಯ ಜಗುಲಿಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡಿದ್ದ ಸಿರಾದ ಹುಸೇನ್ ಸಾಬರು. ಅವರ ಬೀಗರ ಮನೆ ಮದ್ರಾಸಿನಲ್ಲಿತ್ತು. ಬೆಳಗಿನ ಬಿಸಿಲು ಅಲ್ಲಿ ನೀರಿನೊಳಗಿಂದಲೇ ಎದ್ದು ಬರುತ್ತದೆಂದೂ, ಗಾಳಿ ಬೀಸುವುದರಿಂದ ಮೈ ಸುಟ್ಟದ್ದು ಸಂಜೆಗಷ್ಟೇ ತಿಳಿಯುತ್ತದೆಂದೂ, ಸಮುಂದರಿಗೆ ಮಾತ್ರ ಬೆನ್ನು ತೋರಿಸಕೂಡದೆಂದೂ ಅವರು ಹೇಳಿದ್ದನ್ನು ನಾನು ಮನೆಗೆ ಹೊತ್ತು ತಂದು ಅವಳಿಗೆ ಒಪ್ಪಿಸುತ್ತಿದ್ದೆ. ಅವಳು ಆಕಾಶನೀಲಿ ಬಟ್ಟೆ ಆರಿಸಿ ಅವರಿಂದಲೇ ಒಂದು ರವಿಕೆ ಹೊಲಿಸಿಕೊಂಡಳು. ಇಳಿಯುವ ಛತ್ರವೂ ಗೊತ್ತಾಯಿತು. ಉಳಿದಿದ್ದು ಅಪ್ಪನ ಅಪ್ಪಣೆ.

ನಾನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ನಾವಿಬ್ರೂ ಮದ್ರಾಸಿಗೆ" ಎನ್ನುವಷ್ಟರಲ್ಲೇ ಅಪ್ಪನ ಮುಖ ಮೃದುವಾಯಿತು. ಮದುವೆಯಾಗಿ ಕೆಲವು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ಅಲ್ಲಿ ಒಳ್ಳೆಯ ಡಾಕ್ಟರಮ್ಮಂದಿರು ಇದ್ದಾರಂತೆ, ತೋರಿಸಿಕೊಂಡು ಬನ್ನಿ, ಹಾಗೆಯೇ ರಾಮೇಶ್ವರಕ್ಕೂ ಹೋಗಿಬಂದರೆ ಒಳ್ಳೆಯದು ಎಂದರು. ಕೇಳದೆಯೇ ಹಣ್ಣು ಮಡಿಲಿಗೆ ಬಿದ್ದಂತಾಯಿತು. ಹಲ್ಲು ಕಿರಿಯುತ್ತ ಒಳಗೆ ಹೋಗಿ ಹೇಳಿದೆ. ಸರ್ವಮಂಗಳ ನಗಲಿಲ್ಲ. ಮಡಿಸುತ್ತಿದ್ದ ರವಿಕೆಯನ್ನು ಪೆಟ್ಟಿಗೆಯ ತಳಕ್ಕೆ ಇಟ್ಟಳು.

"ಡಾಕ್ಟರ ಹೆಸರಲ್ಲಿ ನಾನು ಬರಲ್ಲ," ಎಂದಳು. "ಬಂದ ಮ್ಯಾಲೆ ದಿನಾ ಎಲ್ಲಾರೂ ನನ್ನ ಹೊಟ್ಟೇನೇ ನೋಡ್ತಾರೆ."

ಕಾರಣವೆಂಬುದು ಬಸ್ಸಿನ ಟಿಕೆಟ್ಟಿನಂತೆ, ಕೇಳಿದವರಿಗೆ ತೋರಿಸಿ ಆಮೇಲೆ ಎಸೆದರಾಯಿತು ಎಂದು ನಾನು ನನ್ನ ತತ್ತ್ವಜ್ಞಾನವನ್ನೆಲ್ಲ ಖರ್ಚು ಮಾಡಿದೆ. ಆ ಟಿಕೆಟ್ಟನ್ನು ಎಸೆಯುವುದು ನಿಮಗೆ ಸುಲಭ, ನನ್ನ ಹಣೆಗೆ ಅದು ಅಂಟಿಕೊಂಡಿರುತ್ತದೆ ಎಂದಳು.

ಸಂಜೆ ಅಪ್ಪ ಊಟಕ್ಕೆ ಕೂತಿದ್ದರು, ಅವ್ವ ಸಾರು ಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಸೊಸೆ ಮಾವನೊಡನೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಸರ್ವಮಂಗಳ ಕಂಬದ ಪಕ್ಕಕ್ಕೆ ಬಂದು ನಿಂತಳು.

"ಮಾಮ, ನಾವು ಡಾಕ್ಟರತ್ರ ಹೋಗ್ತಿಲ್ಲ. ಹರಕೇನೂ ಇಲ್ಲ. ಊರಿಕೆ ಹೋಗ್ತಿದೀವಿ, ಸಮುದ್ರ ನೋಡೋಕೆ. ನೀವು ಬ್ಯಾಡ ಅಂದ್ರೆ ನಿಲ್ತೀವಿ. ಸುಳ್ಳು ಹೇಳಿ ಮಾತ್ರ ಹೋಗಲ್ಲ."

'ಊರಿಕೆ' ಅವಳ ಗಡಿಸೀಮೆಯ ತೆಲುಗು. ಅಪ್ಪನ ಕಿವಿಗೆ ಅದು 'ಊರಿಗೆ' ಎಂದು ಬಿತ್ತು. ಪಾವಗಡಕ್ಕಾ ಎಂದು ಗೊಂದಲದಿಂದ ಕೇಳಿದರು. ಅದಕ್ಕೆ ಅರ್ಥ ಹೇಳಿದವರು ನಮ್ಮವ್ವ. "ಊರಿಗಲ್ಲ, ಸುಮ್ನೆ ಅಂತ," ಎಂದವರು, ಸಾರಿನ ಪಾತ್ರೆ ಕೆಳಗಿಟ್ಟು, "ಹೋಗ್ಬರ್ಲಿ ಬುಡಿ. ನೀವು ವರ್ಸಾ ವರ್ಸಾ ಜವಳಿ ತರಾಕೆ ಮದ್ರಾಸಿಗೆ ಹೋಗ್ತೀರ. ಸಮುದ್ರ ಹೆಂಗೈತೆ ಅಂತ ಒಂದಿನ ನಂಗೆ ಹೇಳಿದ್ದೀರಾ?" ಎಂದರು.

ಅಪ್ಪನ ಕೈ ಮುದ್ದೆಯ ಮೇಲೆ ನಿಂತುಬಿಟ್ಟಿತು. ಸ್ಟೇಷನ್ನಿನಿಂದ ಜವಳಿಪೇಟೆ, ಪೇಟೆಯಿಂದ ಸ್ಟೇಷನ್ನು, ತಾನೂ ಸಮುದ್ರ ಕಂಡಿಲ್ಲವೆಂದು ತಟ್ಟೆಗೆ ಹೇಳಿದಂತೆ ಹೇಳಿದರು. ಕೈ ತೊಳೆದು ಏಳುವಾಗ ಸೊಸೆಯ ಕಡೆ ತಿರುಗಿ, "ಹೋಗಿ ಬನ್ನಮ್ಮ. ಅಂಗಡಿ ನಾನು ನೋಡ್ಕಂತೀನಿ," ಎಂದರು.

ಹೋದೆವು. ಮದ್ರಾಸಿನ ಆ ಬೆಳಗಿನಲ್ಲಿ, ಕಣ್ಣು ಕೋರೈಸುವ ಬಿಸಿಲಿನ ಕೆಳಗೆ, ನೀಲಿ ರವಿಕೆಯ ಸರ್ವಮಂಗಳ ಮೊಣಕಾಲುದ್ದ ನೀರಿನಲ್ಲಿ ನಮ್ಮೂರ ಕೋಟೆಬಂಡೆಯಂತೆ ನಿಂತಳು. ಅವಳನ್ನೇ ನೋಡುತ್ತ ಸಮುದ್ರಕ್ಕೆ ಬೆನ್ನು ಕೊಟ್ಟ ನಾನು ಅಂಗಾತ ಬಿದ್ದು, ಒಂದು ಚಪ್ಪಲಿಯನ್ನು ವರುಣನಿಗೆ ಅರ್ಪಿಸಿ ಎದ್ದೆ. ಆಚೆ ದಡ ಇಲ್ಲವೇ ಇಲ್ಲವೆಂದು ಅವಳು, ತಾನೇ ಅಳೆದು ನೋಡಿದವಳಂತೆ, ನನಗೆ ತೀರ್ಪು ಕೊಟ್ಟಳು.

ಮಕ್ಕಳು ನಮಗೆ ಆಮೇಲೂ ಆಗಲಿಲ್ಲ. ಆದರೆ ಮದ್ರಾಸಿನಲ್ಲಿ ಡಾಕ್ಟರು ಏನಂದರು ಎಂದು ಅವಳನ್ನು ಕೇಳುವ ಅವಕಾಶ ಊರಿಗೆ ಸಿಗಲಿಲ್ಲ. ಅಲೆ ಹೇಗೆ ಬರುತ್ತದೆ ಎಂದು ಕೇಳಲು ಬೀದಿಯ ಹೆಂಗಸರು ನಮ್ಮ ಹಿತ್ತಿಲಿಗೆ ಬರುತ್ತಿದ್ದರು. ಅವಳು ಸೀರೆಯ ನಿರಿಗೆ ಅಲ್ಲಾಡಿಸಿ ತೋರಿಸುತ್ತಿದ್ದಳು.

ದೀಪಾವಳಿಯ ಜವಳಿಗೆಂದು ಅಪ್ಪ ಮದ್ರಾಸಿಗೆ ಹೊರಟ ದಿನ ಬೀಳ್ಕೊಡಲು ನಾವಿಬ್ಬರೂ ಬಸ್ ಸ್ಟ್ಯಾಂಡಿಗೆ ಹೋದೆವು. ಅಪ್ಪನಿಗಿಂತ ಮೊದಲೇ ಬಂದಿದ್ದ ನಮ್ಮವ್ವ ಮದುವೆಯ ರೇಷ್ಮೆ ಸೀರೆ ಉಟ್ಟು, ಬುತ್ತಿ ತೊಡೆಯ ಮೇಲಿಟ್ಟುಕೊಂಡು, ತುಮಕೂರಿನ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದರು. ಕರೆದವರು ಯಾರೂ ಇಲ್ಲ. ಸರ್ವಮಂಗಳಳಿಗೆ ಮಾತ್ರ ಆಶ್ಚರ್ಯವಾದಂತೆ ಕಾಣಲಿಲ್ಲ. ಅಪ್ಪ ಚೀಲ ಹಿಡಿದು ಕೆಳಗೆ ಒಂದು ಕ್ಷಣ ನಿಂತರು, ಕಿಟಕಿ ನೋಡಿದರು, ಹತ್ತಿ ಪಕ್ಕದಲ್ಲಿ ಕೂತರು. ಕಂಡಕ್ಟರು ಬಂದಾಗ, ಹಿಂದಿನ ಸೀಟಿನವರೆಗೂ ಕೇಳುವ ಹಾಗೆ ಹೇಳಿದರು: "ಎರಡು ಕೊಡಪ್ಪ. ನನ್ನ ಹೆಂಡ್ತೀನೂ ಬತ್ತಾವ್ಳೆ."