ಹುಳದ ಮನೆಯಲ್ಲಿ ಬಿ.ಎ. ಹಿಸ್ಟರಿ

ಮಗಳು ಚಿಂತಾಮಣಿಯ ಕಾಲೇಜಿನಲ್ಲಿ ಬಿ.ಎ. ಹಿಸ್ಟರಿಗೆ ಸೇರಿದಾಗ ಎಲ್ಲರಿಗಿಂತ ಹೆಚ್ಚು ಕೊಂಕು ಆಡಿದವಳು ನಾನೇ. ಸುಳ್ಳು ಹೇಳಿ ಏನಾಗಬೇಕು? ಜಂಗಮಕೋಟೆಯಲ್ಲಿ ರೇಷ್ಮೆಹುಳ ಸಾಕುವ ಮನೆಗೆ ಸತ್ತ ರಾಜರಿಂದ ಏನು ಲಾಭ ಎಂದು ಅವಳ ಮುಖಕ್ಕೇ ಕೇಳಿದ್ದೆ.

ಕಳೆದ ತಿಂಗಳು ಹುಳಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅಂಥದ್ದರಲ್ಲಿ ಒಂದು ಬೆಳಿಗ್ಗೆ ನೋಡಿದರೆ, ಬಾಗಿಲ ಪಕ್ಕದ ಹುಳಗಳು ಸೊಪ್ಪು ಮುಟ್ಟದೆ, ತಲೆ ಅಲ್ಲಾಡಿಸುತ್ತಾ ಹಸಿರು ನೀರು ಕಕ್ಕುತ್ತಿವೆ. ಬೆಳೆ ಹೋಯಿತು ಎಂದು ಅತ್ತೆಯನ್ನೂ ಮಗಳನ್ನೂ ಕೂಗಿದೆ.

ಅತ್ತೆ ಅಲ್ಲೇ ತೀರ್ಪು ಕೊಟ್ಟರು. "ದೃಷ್ಟಿ ಕಣೇ! ಪಕ್ಕದ ತೋಟದೋಳು ಬಂದು ಇಣುಕವ್ಳೆ. ನಡಿ, ಕೇಳಣ ಅವಳ್ನ."

ನಾನೂ ಸೆರಗು ಸಿಕ್ಕಿಸಿಕೊಂಡೆ. ಮಗಳು ಬಾಗಿಲಿಗೆ ಅಡ್ಡ ನಿಂತಳು.

"ಅಜ್ಜಿ, ಇಣುಕಿದ್ದು ನೀನೇ ನೋಡಿದ್ಯಾ?"

"ನಾನೆಲ್ಲಿ ನೋಡ್ಲಿ? ಡೈರಿ ಹತ್ರ ಯಾರೋ ಅಂದ್ರು."

"ಯಾರು? ಅವ್ರು ಕಣ್ಣಾರೆ ಕಂಡ್ರಾ? ಯಾವತ್ತು?"

"ಏನಮ್ಮಾ ಇದು, ಪೊಲೀಸ್ ಸ್ಟೇಷನ್ನಾ?"

"ಕಾಲೇಜಲ್ಲಿ ಇದೇ ಕಣಜ್ಜಿ ಹೇಳ್ಕೊಡೋದು. ಕಂಡೋರ್ ಮಾತು ಬೇರೆ, ಕೇಳಿ ಹೇಳೋರ್ ಮಾತು ಬೇರೆ ಅಂತ." ಆಮೇಲೆ ನನ್ನ ಕಡೆ ತಿರುಗಿದಳು. "ಅಮ್ಮಾ, ಬಾಗ್ಲು ಪಕ್ಕದವಕ್ಕೆ ಮಾತ್ರ ಯಾಕೆ ಹಿಂಗಾಯ್ತು? ನಿನ್ನೆ ಅವಕ್ಕೆ ಹಾಕಿದ ಸೊಪ್ಪು ಎಲ್ಲೀದು?"

ಸೊಪ್ಪು ಸಾಲದೆ ಬಂದಾಗ, ದೂರ ನಡೆಯಲು ಸೋಮಾರಿತನವಾಗಿ, ಪಕ್ಕದವರ ಟೊಮೆಟೊ ತೋಟಕ್ಕೆ ತಾಗಿದ ನಮ್ಮ ಹಿಪ್ಪುನೇರಳೆಯ ಅಂಚಿನ ಸಾಲಿನಲ್ಲಿ ಕೊಯ್ದುಬಿಟ್ಟಿದ್ದೆ. "ಟೊಮೆಟೊಗೆ ಔಷಧಿ ಹೊಡ್ದಿದೀವಿ, ಅಂಚಿನ ಸಾಲು ಬಿಟ್ಬಿಡಕ್ಕ" ಎಂದು ಅದರ ಹಿಂದಿನ ದಿನ ಆ ಪಕ್ಕದವಳೇ ಹುಳದ ಮನೆಯ ಬಾಗಿಲಿಗೆ ಬಂದು ಹೇಳಿ ಹೋಗಿದ್ದಳು. ಅವಳು ಇಣುಕಿದ್ದು ಅದಕ್ಕೆ.

ಒಪ್ಪಿಕೊಂಡೆ. ಅತ್ತೆ ನನ್ನನ್ನು ನುಂಗುವಂತೆ ನೋಡಿದರು. ಮೂವರೂ ಸೇರಿ ಆ ಸೊಪ್ಪನ್ನೆಲ್ಲ ತೆಗೆದು, ಕಿಟಕಿ ತೆರೆದು, ಆಚೆ ತುದಿಯ ತೋಟದಿಂದ ಹೊಸ ಸೊಪ್ಪು ತಂದು ಹಾಸಿದೆವು. ಒಂದಷ್ಟು ಹುಳ ಸತ್ತವು. ಮಿಕ್ಕವು ಮಧ್ಯಾಹ್ನದ ಹೊತ್ತಿಗೆ ಒಂದೊಂದಾಗಿ ಎಲೆಯ ಅಂಚು ಕಡಿಯತೊಡಗಿದವು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೂ ಬಿಟ್ಟೆ, ನಕ್ಕೂ ಬಿಟ್ಟೆ.

ಹಿಸ್ಟರಿ ಓದಿದರೆ ಕೆಲಸ ಸಿಗುತ್ತದಾ ಎಂದು ನನ್ನನ್ನು ಕೇಳಬೇಡಿ, ಗೊತ್ತಿಲ್ಲ. ಅವತ್ತು ಬೆಳೆ ಉಳಿಯಿತು. ಎಚ್ಚರಿಸಲು ಬಂದವಳ ಮನೆ ಮುಂದೆ ನಿಂತು ಬೈದು ಬರುವ ಪಾಪವೂ ತಪ್ಪಿತು.